ಕಳಚಿ ಜೋಡಿಸುವ ಬೀದಿ

ಆ ಬೀದಿಯಲ್ಲಿ ಯಾರ ಮನೆಯ ದೀಪ ಹೋದರೂ ಮೊದಲು ಕೇಳಿಬರುತ್ತಿದ್ದ ಮಾತು ಒಂದೇ: "ಬಲ್ಬ್ ಮಾಮನ್ನ ಕರೀರಿ." ಹೆತ್ತವರು ಇಟ್ಟ ಹೆಸರೊಂದು ಇತ್ತು ನಿಜ, ಆದರೆ ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕುಳ್ಳ ದೇಹ, ಕಿವಿಯ ಸಂದಿಯಲ್ಲಿ ಟೆಸ್ಟರು, ಹೆಗಲಿಗೆ ಕ್ಯಾನ್ವಾಸ್ ಚೀಲ. ಚೀಲದೊಳಗೆ ಏನಿಲ್ಲ ಎಂದು ಕೇಳಬೇಕೇ ಹೊರತು ಏನಿದೆ ಎಂದು ಕೇಳಬಾರದು. ಸ್ವಂತ ಮಕ್ಕಳಿಲ್ಲದ ಅವನನ್ನು ಬೀದಿಯ ಮಕ್ಕಳೆಲ್ಲ ಮಾಮ ಎನ್ನುತ್ತಿದ್ದರು, ಆಮೇಲೆ ಆ ಮಕ್ಕಳ ಅಪ್ಪ ಅಮ್ಮಂದಿರೂ ಹಾಗೇ ಕರೆಯತೊಡಗಿದರು.

ಎಲೆಕ್ಟ್ರಿಷಿಯನ್ ಕೆಲಸದಲ್ಲಿ ಒಂದು ವಿಶೇಷವಿದೆ. ಹಾಲಿನವನು ಬಾಗಿಲಲ್ಲೇ ನಿಲ್ಲುತ್ತಾನೆ, ಅಂಚೆಯವನು ಗೇಟಿನಲ್ಲೇ ನಿಲ್ಲುತ್ತಾನೆ, ನೆಂಟರನ್ನು ಕೂಡ ನಡುಮನೆಯಲ್ಲಿ ಕೂರಿಸಿ ಮಾತಾಡಿಸಿ ಕಳಿಸಬಹುದು. ಎಲೆಕ್ಟ್ರಿಷಿಯನ್‌ನನ್ನು ಹಾಗೆ ತಡೆಯಲಾಗದು. ಮಲಗುವ ಕೋಣೆಯ ಫ್ಯಾನು, ಬಚ್ಚಲಿನ ಗೀಸರು, ಅಟ್ಟದ ಮೇಲಿನ ವೈರು, ಎಲ್ಲ ಕಡೆಗೂ ಅವನು ಬರಲೇಬೇಕು. ಯಾರ ಮನೆಯಲ್ಲಿ ಗಂಡ ನೆಲದ ಮೇಲೆ ಮಲಗುತ್ತಾನೆ, ಯಾರ ಮನೆಯ ಅಜ್ಜಿಯ ಕೋಣೆಗೆ ಚಿಲಕ ಹೊರಗಡೆಯಿಂದ ಇದೆ, ದೊಡ್ಡ ಮಾತಾಡುವ ಯಾರ ಅಡುಗೆಮನೆಯ ಡಬ್ಬಿಗಳು ಖಾಲಿ ಇವೆ ಎಂಬುದೆಲ್ಲ ಬಲ್ಬ್ ಮಾಮನಿಗೆ ಗೊತ್ತಿತ್ತು. ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಮೊದಲೇ ಹೇಳಿದ್ದರು: "ಏಣಿ ಹತ್ತಿದವನಿಗೆ ಎಲ್ಲಾ ಕಾಣುತ್ತೆ ಕಣೋ. ಇಳಿಯುವಾಗ ಅದನ್ನ ಅಲ್ಲೇ ಬಿಟ್ಟು ಇಳಿ." ಆ ಮಾತನ್ನು ಬಲ್ಬ್ ಮಾಮ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದ, ಅಥವಾ ಹಾಗೆಂದು ತಿಳಿದಿದ್ದ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಎಂದೂ ಹೊತ್ತವನಲ್ಲ. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. "ನನ್ನ ಬಾಯಿ ಅಂದ್ರೆ ಕಬ್ಬಿಣದ ಪೆಟ್ಟಿಗೆ," ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಬಾಯಿ ಮುಚ್ಚಿಕೊಂಡಿರುವವನು ಅದನ್ನು ಹೇಳಿಕೊಂಡು ಏಕೆ ತಿರುಗಬೇಕು ಎಂದು ಕೇಳಿದವಳು ಅವನ ಹೆಂಡತಿ ಒಬ್ಬಳೇ.

ಇಂಥವನಿಗೆ ಹುಚ್ಚು ಹಿಡಿದದ್ದು ಬೀದಿಗೆ ಮಾಡ್ಯುಲರ್ ಸ್ವಿಚ್ಚುಗಳು ಬಂದ ಕಾಲಕ್ಕೆ. ಅದಕ್ಕೆ ಮುಂಚೆ ಮರದ ಬೋರ್ಡು, ಅದರ ಮೇಲೆ ಕಪ್ಪು ಗುಂಡಿಗಳು. ಒಂದು ಕೆಟ್ಟರೆ ಇಡೀ ಬೋರ್ಡನ್ನೇ ಬಿಚ್ಚಿ ಕರುಳು ಹೊರಗೆ ತೆಗೆಯಬೇಕಿತ್ತು. ಹೊಸದರಲ್ಲಿ ಹಾಗಲ್ಲ. ಒಂದು ಚೌಕಟ್ಟು, ಅದರಲ್ಲಿ ಸಮ ಅಳತೆಯ ಗೂಡುಗಳು. ಸ್ವಿಚ್ಚು ಬೇಕಾದರೆ ಸ್ವಿಚ್ಚು, ಪ್ಲಗ್ಗು ಬೇಕಾದರೆ ಎರಡು ಗೂಡಿನ ಪ್ಲಗ್ಗು. ಒತ್ತಿದರೆ ಟಕ್ ಎಂದು ಕೂರುತ್ತದೆ, ಎತ್ತಿದರೆ ಬರುತ್ತದೆ, ಪಕ್ಕದ್ದಕ್ಕೆ ಏನೂ ಆಗುವುದಿಲ್ಲ. ಮೊದಲ ದಿನ ಅದನ್ನು ಕೈಯಲ್ಲಿ ಹಿಡಿದು ಅವನು ಮಗು ಆಟಿಕೆ ನೋಡುವಂತೆ ನೋಡಿದ. ಹಿಂದಿನ ಕಾಲದವರು ಮನೆಯನ್ನು ಅಂಕಣದ ಲೆಕ್ಕದಲ್ಲಿ ಕಟ್ಟುತ್ತಿದ್ದದ್ದು ನೆನಪಾಯಿತು. ಕಂಬದಿಂದ ಕಂಬಕ್ಕೆ ಒಂದು ಅಂಕಣ, ಕೈಯಲ್ಲಿ ಕಾಸಿದ್ದವನಿಗೆ ಐದು ಅಂಕಣ, ಇಲ್ಲದವನಿಗೆ ಎರಡು. "ಇದೇನು ಹೊಸದಲ್ಲ ಬಿಡು," ಎಂದು ಹೆಂಡತಿಗೆ ಹೇಳಿ, ಅಂದಿನಿಂದಲೇ ಬೀದಿಯ ಪುಟ್ಟ ಮಾದರಿಯನ್ನು ಕಟ್ಟಲು ಕೂತ.

ಕೆಡವಿದ ಹಳೆಯ ಬಾಗಿಲಿನ ಹಲಗೆಗಳೇ ಅಡಿಪಾಯ. ಅದರುದ್ದಕ್ಕೂ ಎರಡು ತಾಮ್ರದ ಪಟ್ಟಿ. ಅದರ ಮೇಲೆ ಸಮ ಅಳತೆಯ ಗೂಡುಗಳು. ಪ್ರತಿ ಮನೆಯೂ ಒಂದು ಬಿಡಿ ಪೆಟ್ಟಿಗೆ. ರಟ್ಟು, ತೆಳು ಪ್ಲೈವುಡ್ಡು, ಐಸ್‌ಕ್ರೀಮ್ ಕಡ್ಡಿ, ಬಳಸಿ ಬಿಟ್ಟ ಎಕ್ಸ್‌ರೇ ಹಾಳೆಯ ಕಿಟಕಿಗಾಜು. ಚಿಕ್ಕ ಮನೆಗೆ ಒಂದು ಗೂಡು, ದೊಡ್ಡದಕ್ಕೆ ಎರಡು. ತಳದಲ್ಲಿ ಎರಡು ಪಿನ್ನು. ಮನೆಯನ್ನು ಗೂಡಿನಲ್ಲಿ ಕೂರಿಸಿದ ಕೂಡಲೇ ಪಿನ್ನು ತಾಮ್ರಕ್ಕೆ ತಾಗಿ ಒಳಗೆ ಸಾಸಿವೆ ಕಾಳಿನಷ್ಟು ದೀಪ ಹೊತ್ತಿಕೊಳ್ಳುತ್ತಿತ್ತು. ಬೇಕೆಂದ ಮನೆಯನ್ನು ಬೇಕೆಂದ ಕಡೆ ಇಡಬಹುದು. ಒಂದು ಸಲ ತಮಾಷೆಗೆ, ಸದಾ ಜಗಳವಾಡುವ ದಿನಸಿ ಅಂಗಡಿಯವನನ್ನೂ ದರ್ಜಿಯನ್ನೂ ಅಕ್ಕಪಕ್ಕ ಇಟ್ಟು ಹೆಂಡತಿಯನ್ನು ಕರೆದು ತೋರಿಸಿದ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನೋಡಿ, "ಬೀದಿನ ನೀವು ಹಿಂಗೆ ಎತ್ತಿ ಎತ್ತಿ ಇಡ್ತೀರಿ, ಆ ಮಂಚದ ಕೆಳಗಿನ ರಟ್ಟಿನ ರಾಶಿನ ಮಾತ್ರ ಎತ್ತಲ್ಲ," ಎಂದು ಒಳಗೆ ಹೋದಳು.

ಎಲ್ಲ ಮನೆಗಳ ಚಾವಣಿಯೂ ಎತ್ತಿದರೆ ಬರುವಂಥದ್ದು. ಬಲ್ಬು ಬದಲಿಸಬೇಕಲ್ಲ. ಚಾವಣಿ ತೆಗೆದರೆ ಒಳಗೆ ಬೋಳು ಕಾಣುತ್ತದೆಂದು ಒಂದು ಮನೆಗೆ ಮಂಚ ಮಾಡಿಟ್ಟ. ಇನ್ನೊಂದಕ್ಕೆ ಒಲೆ. ಆಮೇಲೆ, ಮಂಚ ಎಲ್ಲಿದೆಯೋ ಅಲ್ಲೇ ಇರಬೇಕು ಎನ್ನಿಸಿತು. ಒಲೆಯ ಬಣ್ಣ ಇರುವ ಬಣ್ಣವೇ ಆಗಬೇಕು ಎನ್ನಿಸಿತು. ಕೊನೆಗೆ ಅಜ್ಜಿಯ ಕೋಣೆಗೆ ಹೊರಗಡೆ ಚಿಲಕವೂ ಬಂತು. ದೀಪಕ್ಕಾಗಿ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹೀಗೆಯೇ.

ಇನ್ನು ಕನ್ನಡಕದವರ ವಿಷಯ ಹೇಳಬೇಕು. ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವರು, ಅವರ ಹೆಂಡತಿ, ಒಬ್ಬಳೇ ಮಗಳು. ಮಗಳನ್ನು ಬೀದಿಯೆಲ್ಲ ಪುಟ್ಟಿ ಎನ್ನುತ್ತಿತ್ತು. ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಗಂಡ ಹೆಂಡತಿ ಪ್ರತಿ ಸಂಜೆ ಜೊತೆಯಾಗಿ ನಡೆದಾಡಲು ಹೊರಡುತ್ತಿದ್ದರು. ಬೀದಿಯ ಹೆಂಗಸರು ತಮ್ಮ ಗಂಡಂದಿರಿಗೆ ಅವರನ್ನು ಬೆರಳು ಮಾಡಿ ತೋರಿಸುತ್ತಿದ್ದರು: "ನೋಡಿ ಕಲೀರಿ. ಇಷ್ಟು ವರ್ಷವಾದ್ರೂ ಹೇಗೆ ಜೋಡಿಯಾಗಿ ಹೋಗ್ತಾರೆ!"

ಅಂಥ ಮನೆಯಿಂದ ಒಂದು ದಿನ ಬಲ್ಬ್ ಮಾಮನಿಗೆ ಕರೆ ಬಂತು. ಹೋಗಿ ನೋಡಿದರೆ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೆರೆ. ಗೆರೆಯ ಆ ಕಡೆ ಕನ್ನಡಕದವರು ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಈ ಕಡೆ ಅವರ ಹೆಂಡತಿ ನಿಂತಿದ್ದರು.

"ಇಲ್ಲೊಂದು ಗೋಡೆ ಬೇಕಪ್ಪಾ," ಎಂದರು ಆಕೆ. "ಆ ಕಡೆ ಅವರಿಗೊಂದು ಸ್ವಿಚ್ ಬೋರ್ಡು, ಒಲೆಗೆ ಪ್ಲಗ್ಗು. ಈ ಕಡೆ ನನಗೆ."

ಬಲ್ಬ್ ಮಾಮ ಚೀಲವನ್ನು ಹೆಗಲಿನಿಂದ ಇಳಿಸಿದ. "ಗೋಡೆ ಅಂದ್ರೆ ಗಾರೆಯವರನ್ನ ಕರೀಬೇಕು ಅಕ್ಕಾ," ಎಂದ.

"ಗಾರೆ ಗೋಡೆ ಆಗಲ್ಲ. ಪುಟ್ಟಿ ರಜಕ್ಕೆ ಬಂದಾಗ ಇರಬಾರದು. ಅವಳಿಗೆ ಗೊತ್ತಾಗಬಾರದು. ಅವಳ ಕೊನೇ ಪರೀಕ್ಷೆ ಮುಗೀಲಿ, ನಾವೇ ಕೂರಿಸಿಕೊಂಡು ಹೇಳ್ತೀವಿ. ಅಲ್ಲೀವರೆಗೆ..." ಆಕೆ ಮಾತು ನಿಲ್ಲಿಸಿ ಗೆರೆಯ ಆಚೆ ನೋಡಿದರು. ಪೇಪರಿನ ಹಿಂದಿನಿಂದ ಕನ್ನಡಕದವರು, "ಬೀದಿಗೂ ಗೊತ್ತಾಗೋದು ಬೇಡ. ಜಗಳ ನಮ್ಮಿಬ್ಬರದು, ಬೀದಿ ಏನು ತಪ್ಪು ಮಾಡಿದೆ?" ಎಂದರು. ಜಗಳ ಯಾಕೆ ಎಂದು ಇವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇಲ್ಲಿ ನಮ್ಮ ಬಲ್ಬ್ ಮಾಮನ ಬಗ್ಗೆ ಒಂದು ನಾಚಿಕೆಗೇಡಿನ ಮಾತು ಹೇಳಲೇಬೇಕು. ಒಂದು ಸಂಸಾರ ಕಣ್ಣೆದುರಿಗೇ ಎರಡಾಗುತ್ತಿರುವಾಗ ಅವನಿಗೆ ಮರುಕ ಹುಟ್ಟಿದ್ದು ಕ್ಷಣಕಾಲ. ಆಮೇಲೆ ಹುಟ್ಟಿದ್ದು ಉತ್ಸಾಹ. ಮೇಲೂ ಕೆಳಗೂ ಹಲಗೆ ಕೂರುವಷ್ಟು ಸಂದು ಕೊರೆದ ಪಟ್ಟಿ, ನಡುವೆ ಸಮ ಅಳತೆಯ ಹಲಗೆಗಳು, ಪ್ರತಿ ಹಲಗೆಗೂ ಕೊಕ್ಕೆ. ಎತ್ತಿ ಸರಿಸಿದರೆ ಒಂದೊಂದಾಗಿ ಬಂದುಬಿಡುತ್ತವೆ. ಮಂಚದ ಹಿಂದೆ ನಿಲ್ಲಿಸಿದರೆ ಅದೊಂದು ಗೋಡೆ ಎಂದು ಯಾರಿಗೂ ತಿಳಿಯದು. ಎರಡನೆಯ ಒಲೆ ಕಟ್ಟೆಯ ಕೆಳಗೆ ಜಾರಿ ಮರೆಯಾಗುವಂತೆ ಮಾಡಿದ. ಗೆರೆ ನೇರವಾಗಿ ಹೋಗಿ ಮುಟ್ಟುತ್ತಿದ್ದದ್ದು ಹಿಂಬದಿಯಲ್ಲಿದ್ದ ಪುಟ್ಟಿಯ ಕೋಣೆಯ ಬಾಗಿಲಿನ ನಟ್ಟನಡುವಿಗೆ. ಅವಳಿಲ್ಲದಾಗ ಆ ಬಾಗಿಲು ಮುಚ್ಚಿಯೇ ಇರುವುದರಿಂದ ಕೊನೆಯ ಹಲಗೆಯನ್ನು ಬಾಗಿಲಿಗೇ ಒತ್ತಿ ನಿಲ್ಲಿಸಿದ. ಕೆಲಸ ಮುಗಿದ ದಿನ ಹಲಗೆಗಳನ್ನೆಲ್ಲ ಕಳಚಿ, ಮತ್ತೆ ಕೂರಿಸಿ ತೋರಿಸಿ, ಶಹಬಾಸ್‌ಗಿರಿಗೆ ಕಾದು ನಿಂತ. ಕನ್ನಡಕದವರು ಕುರ್ಚಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಬಾಗಿಲಲ್ಲಿ ಆಕೆ ಮಾತ್ರ, "ಯಾರಿಗೂ ಹೇಳಬೇಡಪ್ಪಾ," ಎಂದರು. "ಅಕ್ಕಾ, ನನ್ನ ಬಾಯಿ ಕಬ್ಬಿಣದ ಪೆಟ್ಟಿಗೆ," ಎಂದ.

ಅಲ್ಲಿಂದಾಚೆ ಪುಟ್ಟಿಯ ರಜೆ ಬಂದಾಗಲೆಲ್ಲ ಹಲಗೆಗಳು ಮಂಚದ ಹಿಂದೆ ಹೋಗುತ್ತಿದ್ದವು, ರಜೆ ಮುಗಿದಾಗ ಮತ್ತೆ ಪಟ್ಟಿಗೆ ಬರುತ್ತಿದ್ದವು. ಸಂಜೆಯ ನಡಿಗೆಯೂ ತಪ್ಪಲಿಲ್ಲ. ಬಲ್ಬ್ ಮಾಮ ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಆದರೆ ಬೀದಿಯ ಮಾದರಿಯಲ್ಲಿ ಕನ್ನಡಕದವರ ಮನೆಯ ಸರದಿ ಬಂದಾಗ ಅವನ ಕೈ ತುರಿಸತೊಡಗಿತು. ಒಳಗೆ ಬೋಳಾಗಿ ಬಿಡಬಹುದಿತ್ತು. ಒಂದು ಮಂಚ, ಒಂದು ಒಲೆ ಇಟ್ಟು ಮುಗಿಸಬಹುದಿತ್ತು. ಅವನು ಐಸ್‌ಕ್ರೀಮ್ ಕಡ್ಡಿಗಳನ್ನು ಸೀಳಿ ಹಲಗೆ ಮಾಡಿದ, ಗುಂಡುಪಿನ್ನು ಬಗ್ಗಿಸಿ ಕೊಕ್ಕೆ ಮಾಡಿದ, ಎರಡು ಮಂಚ, ಎರಡು ಒಲೆ, ಎರಡು ಸ್ವಿಚ್ ಬೋರ್ಡು. ಪುಟ್ಟಿಯ ಕೋಣೆಗೆ ಹಸಿರು ಕಿಟಕಿ. ಹಲಗೆಗಳು ನಿಜವಾದವುಗಳ ಹಾಗೆಯೇ ಕಳಚಿ ಬರುತ್ತಿದ್ದವು. ಇಡೀ ಬೀದಿಯಲ್ಲಿ ಅಷ್ಟು ಚೆಂದದ ಕೆಲಸ ಇನ್ನೊಂದಿರಲಿಲ್ಲ, ಅದನ್ನು ಒಬ್ಬರಿಗೂ ತೋರಿಸುವಂತಿರಲಿಲ್ಲ. ಆ ಒಂದು ಮನೆಯ ಚಾವಣಿಗೆ ಮಾತ್ರ ನಾಲ್ಕು ಮೂಲೆಗೂ ಸ್ಕ್ರೂ ಹಾಕಿ ಬಿಗಿದು, ತನ್ನ ಕರ್ತವ್ಯ ಮುಗಿಯಿತು ಎಂದುಕೊಂಡ.

ಬೀದಿಯ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ, ಗ್ರಂಥಾಲಯದವರು ತಮ್ಮ ಸಭಾಂಗಣದಲ್ಲಿ ಪ್ರದರ್ಶನಕ್ಕೆ ಕರೆದರು. ಉದ್ದನೆಯ ಮೇಜುಗಳನ್ನು ಜೋಡಿಸಿ ಬೀದಿಯನ್ನು ಹಾಸಿದಾಗ ಜನ ಮುಗಿಬಿದ್ದರು. ತಮ್ಮ ಮನೆಯನ್ನು ತಾವೇ ಗುರುತು ಹಿಡಿದು ಮಕ್ಕಳನ್ನು ಎತ್ತಿ ತೋರಿಸುವವರೇನು, ತಮ್ಮ ಗೇಟಿನ ಬಣ್ಣ ಸರಿಯಿಲ್ಲ ಎಂದು ತಕರಾರು ತೆಗೆಯುವವರೇನು! ಬಲ್ಬ್ ಮಾಮ ಇಸ್ತ್ರಿ ಅಂಗಿ ತೊಟ್ಟು, ಒಂದು ಮನೆಯನ್ನು ಗೂಡಿನಿಂದ ಎತ್ತಿ, ಇನ್ನೊಂದು ಕಡೆ ಕೂರಿಸಿ, ದೀಪ ಹತ್ತುವುದನ್ನು ತೋರಿಸುತ್ತಿದ್ದ. ಚಾವಣಿ ಎತ್ತುತ್ತಿದ್ದದ್ದು ಹಾಲಿನ ಬೂತು, ಶಾಲೆ, ಅಂಗಡಿಗಳದ್ದು ಮಾತ್ರ. ಅಷ್ಟು ಎಚ್ಚರ ಇತ್ತು.

ಕನ್ನಡಕದವರೂ ಅವರ ಹೆಂಡತಿಯೂ ಜೋಡಿಯಾಗಿಯೇ ಬಂದರು. ಆಕೆ ತಮ್ಮ ಮನೆಯ ಮುಂದೆ ಬಹಳ ಹೊತ್ತು ನಿಂತು, ಸ್ವರ ತಗ್ಗಿಸಿ ಕೇಳಿದರು: "ಒಳಗೇನಾದ್ರೂ ಮಾಡಿದ್ದೀಯೇನಪ್ಪಾ?"

"ಇಲ್ಲಕ್ಕಾ. ಬರೀ ಬಲ್ಬು," ಎಂದ ಬಲ್ಬ್ ಮಾಮ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಆಕೆ ಸಮಾಧಾನದಿಂದ ನಕ್ಕು, "ಪುಟ್ಟಿಗೂ ಫೋನಿನಲ್ಲಿ ಹೇಳಿದ್ದೀನಿ, ನಮ್ಮನೆ ಪ್ರದರ್ಶನದಲ್ಲಿದೆ ಅಂತ. ಪಾಪ, ಅವಳಿಗೆ ನೋಡೋ ಭಾಗ್ಯ ಇಲ್ಲ, ಪರೀಕ್ಷೆ ಹತ್ತಿರ," ಎಂದರು.

ಪುಟ್ಟಿ ಬಂದದ್ದು ಪ್ರದರ್ಶನದ ಕೊನೆಯ ದಿನ. ಓದಲು ಕೊಟ್ಟ ಬಿಡುವಿನಲ್ಲಿ, ಯಾರಿಗೂ ಹೇಳದೆ, ಬಸ್ಸಿಳಿದವಳು ಬ್ಯಾಗನ್ನು ಹೊತ್ತುಕೊಂಡೇ ನೇರ ಸಭಾಂಗಣಕ್ಕೆ ಬಂದಳು. ಅಪ್ಪ ಅಮ್ಮನಿಗೆ ಅಚ್ಚರಿ ಕೊಡಬೇಕು, ಅದಕ್ಕೆ ಮುಂಚೆ ಮನೆಯ ಮಾದರಿಯ ಜೊತೆ ಒಂದು ಫೋಟೋ ತೆಗೆದುಕೊಳ್ಳಬೇಕು ಎಂಬ ಆಸೆ ಅವಳದು. ಅವಳನ್ನು ಕಂಡು ಬಲ್ಬ್ ಮಾಮ ಒಮ್ಮೆ ಗಾಬರಿಯಾದ, ಆದರೆ ಸ್ಕ್ರೂ ಹಾಕಿದ್ದು ನೆನಪಾಗಿ ಸರಿಹೋಯಿತು.

"ಮಾಮ, ನಮ್ಮನೆ ಲೈಟೇ ಉರೀತಿಲ್ವಲ್ಲ?" ಎಂದಳು ಪುಟ್ಟಿ.

ಹೌದು, ಉರಿಯುತ್ತಿರಲಿಲ್ಲ. ಉಳಿದ ಮನೆಗಳನ್ನು ದಿನವೂ ಜನ ಹೋದ ಮೇಲೆ ಬಿಚ್ಚಿ ನೋಡುತ್ತಿದ್ದ, ಬೆಸುಗೆ ಗಟ್ಟಿ ಇದೆಯೋ ಇಲ್ಲವೋ ಪರೀಕ್ಷಿಸುತ್ತಿದ್ದ. ಬಿಗಿದು ಮುಚ್ಚಿಟ್ಟದ್ದು ಇದೊಂದೇ, ಬೆಸುಗೆ ಬಿಟ್ಟದ್ದೂ ಇದರಲ್ಲೇ. ಪಕ್ಕದಲ್ಲಿದ್ದ ಹಾಲಿನ ಬೂತಿನಾಕೆ ನಕ್ಕಳು: "ಏನು ಮಾಮ, ನಿಮ್ಮ ಬೀದೀಲೂ ಕರೆಂಟು ಹೋಗುತ್ತಾ?" ದರ್ಜಿಯೂ ದನಿಗೂಡಿಸಿದ: "ಕರೀರಪ್ಪಾ ಯಾರಾದ್ರೂ ಒಳ್ಳೇ ಎಲೆಕ್ಟ್ರಿಷಿಯನ್ನ!" ಸುತ್ತ ನಿಂತವರೆಲ್ಲ ನಕ್ಕರು.

ಆ ನಗುವನ್ನು ತಾಳಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ನಾಳೆ ಸರಿ ಮಾಡುತ್ತೇನೆ ಎಂದಿದ್ದರೆ ಸಾಕಿತ್ತು. ಆದರೆ ಆರಿದ ದೀಪದ ಮುಂದೆ ಕೈಕಟ್ಟಿ ನಿಲ್ಲುವುದು ಅವನಿಂದಾಗದ ಕೆಲಸ. ಕಿವಿಯ ಸಂದಿಯಿಂದ ಟೆಸ್ಟರು ಕೈಗೆ ಬಂತು, ಮನೆ ಗೂಡಿನಿಂದ ಮೇಜಿನ ಮೇಲೆ ಬಂತು, ಸ್ಕ್ರೂಗಳು ಒಂದೊಂದಾಗಿ ಬಿಚ್ಚಿಕೊಂಡವು. ಚಾವಣಿ ಎತ್ತುವವರೆಗೂ ಅವನ ತಲೆಯಲ್ಲಿ ಇದ್ದದ್ದು ಬೆಸುಗೆ ಒಂದೇ. ಎತ್ತಿದ ಮೇಲೆ ನೆನಪಾಯಿತು.

ಪುಟ್ಟಿ ಆಗಲೇ ಬಗ್ಗಿದ್ದಳು. "ಅಯ್ಯೋ ಎಷ್ಟು ಚೆನ್ನಾಗಿದೆ! ನನ್ನ ಕಿಟಕಿ!" ಎಂದಳು. ಆಮೇಲೆ, "ಇದೇನು ಮಾಮ ನಡುವೆ? ನಮ್ಮನೇಲಿ ಈ ಗೋಡೆ ಇಲ್ವಲ್ಲ." ಆಮೇಲೆ, ಇನ್ನೂ ಬಗ್ಗಿ, "ಎರಡು ಒಲೆ ಯಾಕೆ?"

"ಅದು... ಪೀಸು ಅದಲು ಬದಲಾಗಿದೆ ಪುಟ್ಟಿ. ಬೇರೆ ಮನೆ ಒಳಗಿಂದು ಇಲ್ಲಿ ಬಂದು ಸೇರಿಕೊಂಡಿದೆ."

"ನನ್ನ ಕಿಟಕಿ ಇದೆ. ಅಪ್ಪನ ಕುರ್ಚಿ ಇದೆ. ಗಡಿಯಾರ ಕೂಡ ಅದೇ ಜಾಗದಲ್ಲಿದೆ." ಅವಳು ಬೆರಳ ತುದಿಯಿಂದ ಒಂದು ಹಲಗೆಯನ್ನು ಮುಟ್ಟಿದಳು. ಅದು ಹಗುರಾಗಿ ಕಳಚಿಕೊಂಡು ಅವಳ ಕೈಗೆ ಬಂತು. ಕೊಕ್ಕೆಯನ್ನು ನೋಡಿದಳು. ತೆಗೆದ ಜಾಗಕ್ಕೇ ಅದನ್ನು ಮತ್ತೆ ಇಟ್ಟಳು, ಟಕ್ ಎಂದು ಕೂತಿತು. "ನಾನು ಬಂದಾಗ ತೆಗೆದಿಡ್ತಾರಾ?" ಎಂದು ಕೇಳಿದಳು.

ಹಾಲಿನ ಬೂತಿನಾಕೆ ಕತ್ತು ಚಾಚಿ ಚಾಚಿ ಒಳಗೆ ನೋಡುತ್ತಿದ್ದಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಬಲ್ಬ್ ಮಾಮನಿಗೆ. ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಗೆ ಹಾಕಿಕೊಳ್ಳತೊಡಗಿದ. ಪುಟ್ಟಿ ಬ್ಯಾಗನ್ನು ಎತ್ತಿಕೊಂಡು ಹೊರಟುಹೋದಳು. ಫೋಟೋ ತೆಗೆದುಕೊಳ್ಳಲಿಲ್ಲ.

ಸಭಾಂಗಣದಿಂದ ಅವರ ಮನೆಗೆ ನಡೆದು ಹೋಗಲು ಸಾಕಷ್ಟು ಹೊತ್ತು ಬೇಕು. ಅಷ್ಟರಲ್ಲಿ ಒಂದು ಫೋನು ಮಾಡಿದ್ದರೆ ಸಾಕಿತ್ತು. "ಪುಟ್ಟಿ ಬರ್ತಿದ್ದಾಳೆ, ಅವಳಿಗೆ ಗೊತ್ತಾಗಿದೆ," ಎಂದು ಮುಂಚೆಯೇ ತಿಳಿಸಿದ್ದರೆ, ಅವರು ಬಾಗಿಲು ತೆರೆಯುವಾಗ ಕನಿಷ್ಠ ಮುಖ ಸರಿ ಮಾಡಿಕೊಂಡು ನಿಲ್ಲುತ್ತಿದ್ದರು. ಬಲ್ಬ್ ಮಾಮ ಫೋನನ್ನು ಜೇಬಿನಿಂದ ತೆಗೆದ. ಏನೆಂದು ಶುರು ಮಾಡುವುದು? ನಿಮ್ಮ ಗುಟ್ಟನ್ನು ಕಡ್ಡಿಯಲ್ಲಿ ಕೆತ್ತಿ ಮೇಜಿನ ಮೇಲಿಟ್ಟಿದ್ದೆ ಎಂದೇ? ಬರೀ ಬಲ್ಬು ಎಂದದ್ದು ಸುಳ್ಳು ಎಂದೇ? ಫೋನನ್ನು ಮತ್ತೆ ಜೇಬಿಗಿಟ್ಟು, ಸಾಲ್ಡರಿಂಗ್ ಕಡ್ಡಿ ಕಾಯಿಸಿ, ಬಿಟ್ಟ ಬೆಸುಗೆಯನ್ನು ಹಾಕತೊಡಗಿದ. ದೀಪ ಹೊತ್ತಿಕೊಂಡಿತು. ಮುಂದೆ ಎಷ್ಟೋ ಕಾಲ ಅವನನ್ನು ಸುಟ್ಟದ್ದು ಚಾವಣಿ ಎತ್ತಿದ್ದಲ್ಲ. ಆ ಹುಡುಗಿ ಬೀದಿಯಲ್ಲಿ ಒಬ್ಬಳೇ ನಡೆದು ಹೋಗುತ್ತಿದ್ದಾಗ ತಾನು ಕೂತು ಬೆಸುಗೆ ಹಾಕಿದ್ದು.

ಅಂದು ಸಂಜೆ ಮಾದರಿಯನ್ನೆಲ್ಲ ಮನೆಗೆ ತಂದಿಟ್ಟು, ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ, ಬೈದರೆ ಹಗುರಾಗುತ್ತಿತ್ತು. ಅವಳು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು, "ಬಾಯಿಗೆ ಬೀಗ ಹಾಕಿಕೊಂಡು ಕೈಯಲ್ಲಿ ಡಂಗುರ ಹೊಡೆದಿರಲ್ರೀ," ಎಂದಳು. ಆಮೇಲೆ ಕೇಳಿದಳು: "ನಮ್ಮನೆ ಒಳಗೆ ಏನಿಟ್ಟಿದ್ದೀರಿ?"

ಅವಳೇ ಪೆಟ್ಟಿಗೆಗಳ ನಡುವೆ ತಮ್ಮ ಮನೆಯನ್ನು ಹುಡುಕಿ ಚಾವಣಿ ಎತ್ತಿ ನೋಡಿದಳು. ಒಳಗೆ ಬಲ್ಬು ಬಿಟ್ಟರೆ ಏನೂ ಇರಲಿಲ್ಲ. ಮಂಚವಿಲ್ಲ, ಒಲೆಯಿಲ್ಲ, ಅವಳು ದಿನವಿಡೀ ಕೂರುವ ಮಣೆಯೂ ಇಲ್ಲ.

"ಕಂಡವರ ಮನೇದೆಲ್ಲ ಕಣ್ಣಿಗೆ ಕಟ್ಟಿದ ಹಾಗೆ ಮಾಡಿದ್ದೀರಿ," ಎಂದಳು. "ಸರಿ ಬಿಡಿ." ಚಾವಣಿಯನ್ನು ಮೆಲ್ಲಗೆ ಮುಚ್ಚಿದಳು. ತಾನು ಯಾಕೆ ಎಲ್ಲರ ಮನೆಯೊಳಗನ್ನೂ ಮಾಡಿದೆ ಎಂಬುದು ಆಗ ಬಲ್ಬ್ ಮಾಮನಿಗೆ ಹೊಳೆಯಿತು. ದೀಪಕ್ಕಾಗಿ ಅಲ್ಲ. ಬೀದಿಯೆಲ್ಲ ತನ್ನ ಅಂಗೈಯಲ್ಲಿದೆ, ಬೇಕೆಂದಾಗ ಮುಚ್ಚಳ ತೆಗೆದು ನೋಡಬಲ್ಲೆ ಎಂಬ ಸುಖಕ್ಕಾಗಿ. ಆ ಸುಖದ ನೆನಪಿಗೆ ಅವನಿಗೆ ಮೈಯೆಲ್ಲ ಅಸಹ್ಯವಾಯಿತು. ಕೂತು ಎಲ್ಲ ಮನೆಗಳ ಒಳಗಿನದನ್ನೂ ಇಕ್ಕಳದಿಂದ ಕಿತ್ತು ಕಸದ ಬುಟ್ಟಿಗೆ ಹಾಕಿದ. ಹಾಕಿದರೇನು, ನೋಡಿದವರ ಕಣ್ಣಿನಿಂದ ಕೀಳಲಾಗುತ್ತದೆಯೇ?

ಮರುದಿನದಿಂದ ಕನ್ನಡಕದವರ ಸಂಜೆಯ ನಡಿಗೆ ನಿಂತಿತು. ಅಂಗಡಿಯ ಮುಂದೆ ಹಾದು ಹೋಗುವವರು ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತು ಒಳಗೆ ನೋಡುತ್ತಿದ್ದರು. ಬಲ್ಬ್ ಮಾಮ ಸುತ್ತು ಹಾಕಿ ಹಿಂದಿನ ಬೀದಿಯಲ್ಲಿ ಓಡಾಡತೊಡಗಿದ. ಹಾಗೆ ತಲೆ ತಪ್ಪಿಸಿಕೊಂಡು ತಿರುಗುತ್ತಿದ್ದವನಿಗೆ ಆ ಮನೆಯಿಂದಲೇ ಫೋನು ಬಂತು. "ಸ್ವಲ್ಪ ಕೆಲಸ ಇದೆ. ಮೊಳೆ, ಸುತ್ತಿಗೆ ತಗೊಂಡು ಬಾಪ್ಪಾ," ಎಂದರು ಆಕೆ. ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಬಾಗಿಲು ತೆರೆದವಳು ಪುಟ್ಟಿ. ಬ್ಯಾಗು ಬಾಗಿಲ ಬಳಿಯೇ ಕಟ್ಟಿ ಸಿದ್ಧವಾಗಿತ್ತು. ಹಲಗೆಗಳು ಪಟ್ಟಿಯಲ್ಲಿ ನಿಂತಿದ್ದವು, ಆಚೆ ಅಪ್ಪ, ಈಚೆ ಅಮ್ಮ.

"ಅಕ್ಕಾ, ನನ್ನಿಂದ ದೊಡ್ಡ ತಪ್ಪಾಯ್ತು," ಎಂದು ಶುರು ಮಾಡಿದ ಬಲ್ಬ್ ಮಾಮ. ದಾರಿಯುದ್ದಕ್ಕೂ ಇನ್ನೂ ಏನೇನೋ ಕೂಡಿಸಿಕೊಂಡು ಬಂದಿದ್ದ.

"ಅದೆಲ್ಲ ಬೇಡ," ಎಂದರು ಆಕೆ. "ಇನ್ನು ಇದನ್ನ ಕಳಚೋದು, ಜೋಡಿಸೋದು ಯಾರಿಗೋಸ್ಕರ? ನನಗೂ ಎತ್ತಿ ಎತ್ತಿ ಸೊಂಟ ಬಿದ್ದುಹೋಗಿದೆ. ಮೊಳೆ ಹೊಡೆದುಬಿಡು."

ಅವನು ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೆಲಸಕ್ಕೆ ಇಳಿದ. ಹಲಗೆ ಅಲುಗದಂತೆ ಯಾರಾದರೂ ಹಿಡಿಯಬೇಕಿತ್ತು. ಪುಟ್ಟಿ ಬಂದು ಹಿಡಿದಳು. ಒಂದೊಂದು ಪೆಟ್ಟಿಗೂ ಅವಳ ಕೈ ಅದುರುತ್ತಿತ್ತು. ಹಾಗೇ ಮುಂದುವರಿಯುತ್ತ ಕೊನೆಯ ಹಲಗೆಗೆ ಬಂದರು. ಅದರ ಹಿಂದೆ ಅವಳ ಕೋಣೆಯ ಬಾಗಿಲು.

"ಇದು ನನ್ನ ಬಾಗಿಲಿಗೆ ಅಡ್ಡ ಬರುತ್ತಲ್ಲ ಮಾಮ," ಎಂದಳು. "ಯಾವ ಕಡೆಗಾದ್ರೂ ಸರಿಸಿ ಹೊಡೀಬೇಕು. ನನ್ನ ರೂಮು ಯಾವ ಕಡೆಗೆ?"

ಅವನು ಪುಟ್ಟಿಯ ಅಮ್ಮನ ಮುಖ ನೋಡಿದ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಬಹಳ ಕಷ್ಟಪಟ್ಟು, "ಅವರ ಕಡೆಗೇ ಇರಲಿ," ಎಂದರು. ಅದೇ ಹೊತ್ತಿಗೆ ಹಲಗೆಯ ಆಚೆಯಿಂದ ಕನ್ನಡಕದವರ ದನಿಯೂ ಕೇಳಿತು: "ಬೇಡ, ಅವಳಮ್ಮನ ಕಡೆ ಇರಲಿ."

ಇಬ್ಬರೂ ತಮಗೆ ಇದ್ದದ್ದರಲ್ಲಿ ಅತಿ ಬೆಲೆಯುಳ್ಳದ್ದನ್ನು ಒಬ್ಬರಿಗೊಬ್ಬರು ಬಿಟ್ಟುಕೊಟ್ಟಿದ್ದರು. ಬಲ್ಬ್ ಮಾಮನಿಗೆ ಅದು ತಿಳಿಯಿತು. ಪುಟ್ಟಿಗೆ ಕೇಳಿಸಿದ್ದು ಬೇರೆ.

"ಹಾಗಾದ್ರೆ ಇಬ್ಬರಿಗೂ ಬೇಡ," ಎಂದಳು. "ಬಾಗಿಲಿಗೆ ಸೇರಿಸೇ ಹೊಡೀರಿ ಮಾಮ. ಇನ್ನು ರಜಕ್ಕೆ ನಾನು ಹಾಸ್ಟೆಲಲ್ಲೇ ಇರ್ತೀನಿ."

ಹಾಗಲ್ಲ ಪುಟ್ಟಿ, ಅವರು ಹೇಳಿದ್ದು ಹಾಗಲ್ಲ ಎಂದು ಹೇಳುವುದು ಅವನಿಗೊಬ್ಬನಿಗೇ ಸಾಧ್ಯವಿತ್ತು. ಈಚೆ ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು, ಆಚೆ ಕುರ್ಚಿ ಸರಿದ ಸದ್ದಾಯಿತು. ಆದರೆ ಯಾವ ಮುಖ ಇಟ್ಟುಕೊಂಡು ಈ ಮನೆಯ ವಿಷಯದಲ್ಲಿ ಅವನು ಇನ್ನೊಂದು ಮಾತಾಡಿಯಾನು? ತುಟಿಯಲ್ಲಿ ಮೊಳೆಗಳಿದ್ದವು, ಮಾತಾಡದಿರಲು ಅದೊಂದು ನೆಪ ಸಿಕ್ಕಿತೆಂದು ಅವನಿಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಯಾರಾದರೂ ಬೇಡವೆನ್ನುತ್ತಾರೇನೋ ಎಂದು ಸುತ್ತಿಗೆ ಎತ್ತಿ ಸ್ವಲ್ಪ ಹೊತ್ತು ಕಾದ. ಪುಟ್ಟಿ ಹಲಗೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದಳು. ಅವನು ಹೊಡೆದ.